ಕವಾಯ್ ಹೂಂ ಅಂದಿದ್ದು ಒಬ್ಬರಿಗೆ, ಲಾಭ ಆಗಿದ್ದು ಇನ್ನೊಬ್ಬರಿಗೆ

(ಬ್ಯಾಸ್ಕೆಟ್‌ಬಾಲ್ ಲೆಕ್ಕಾಚಾರ, ಭಾಗ 5. ಈ ಸಲ ಸ್ವಲ್ಪ ಉದ್ದ ಆಗಿದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.)

ಒಂದು ಪ್ರಶ್ನೆ ಕೇಳ್ತೀನಿ, ತಕ್ಷಣ ಉತ್ತರ ಹೇಳಬೇಡಿ. ಒಬ್ಬ ದೊಡ್ಡ ಆಟಗಾರನ ಮುಂದೆ ಮೂರು ಟೀಮುಗಳು ಕೈಕಟ್ಟಿ ನಿಂತಿವೆ. ಅವನು ಎರಡಕ್ಕೆ ಬೇಡ ಅಂದ, ಒಂದಕ್ಕೆ ಹೂಂ ಅಂದ. ಗೆದ್ದಿದ್ದು ಯಾರು?

ಹೂಂ ಅನ್ನಿಸಿಕೊಂಡೋರು ಅಂತ ತಾನೇ? 2019ರ ಜುಲೈನಲ್ಲಿ ಇಡೀ ಅಮೆರಿಕ ಹಾಗೇ ಅಂದುಕೊಂಡಿತ್ತು.

ಆ ಆಟಗಾರ ಕವಾಯ್ ಲೆನರ್ಡ್. ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಆ ವರ್ಷ ಮೇ 12ರಂದು ಫಿಲಡೆಲ್ಫಿಯಾ ವಿರುದ್ಧ ಏಳನೇ ಪಂದ್ಯದ ಕೊನೇ ಕ್ಷಣದಲ್ಲಿ ಮೂಲೆಯಿಂದ ಅವನು ಎಸೆದ ಬಾಲು ರಿಂಗ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ನೀವು ಬ್ಯಾಸ್ಕೆಟ್‌ಬಾಲ್ ನೋಡದಿದ್ರೂ ಆ ವಿಡಿಯೋ ನೋಡಿರ್ತೀರಿ. ನಾನಾಗ ಹೈಸ್ಕೂಲು, ಬೇಸಿಗೆ ರಜೆ. ಚಿಕ್ಕಪ್ಪನ ಮಗ ಫೋನಲ್ಲಿ ತೋರಿಸಿದ್ದ, ಆ ನಾಲ್ಕು ಪುಟಿತಕ್ಕೆ ನಾನು ಬಿದ್ದವನು ಇನ್ನೂ ಎದ್ದಿಲ್ಲ. ಜೂನ್ 13ಕ್ಕೆ ಟೊರಾಂಟೊ ರ‍್ಯಾಪ್ಟರ್ಸ್ ಮೊದಲ ಸಲ ಚಾಂಪಿಯನ್ ಆಯ್ತು, ಕವಾಯ್ ಫೈನಲ್ಸ್ ಎಂವಿಪಿ. ಅದಾಗಿ ಮೂರು ವಾರ ತುಂಬೋದ್ರೊಳಗೆ ಅವನ ಕಾಂಟ್ರ್ಯಾಕ್ಟ್ ಮುಗಿದು ಫ್ರೀ ಏಜೆಂಟ್ ಆದ. ಅಂದ್ರೆ ಯಾವ ಟೀಮಿಗೆ ಬೇಕಾದ್ರೂ ಹೋಗಬಹುದು.

ಐಪಿಎಲ್ ನೋಡಿ ಬೆಳೆದ ನಮಗೆ ಇದು ಸ್ವಲ್ಪ ತಲೆಕೆಳಗು ಅನ್ಸುತ್ತೆ. ಹರಾಜಲ್ಲಿ ಆಟಗಾರ ಟಿವಿ ಮುಂದೆ ಕೂತು ತನ್ನನ್ನ ಯಾರು ಕೊಳ್ತಾರೋ ಅಂತ ಕಾಯ್ತಾನೆ. ಫ್ರೀ ಏಜೆನ್ಸಿಯಲ್ಲಿ ಕೋಟ್ಯಧಿಪತಿ ಮಾಲೀಕರು ಫೋನ್ ಮುಂದೆ ಕೂತು ತಮ್ಮನ್ನ ಅವನು ಆರಿಸ್ತಾನೋ ಇಲ್ವೋ ಅಂತ ಕಾಯ್ತಾರೆ.

ಇಲ್ಲೊಂದು ರೂಲ್ಸ್ ಗೊತ್ತಿರಬೇಕು, ಬಿಕಾಂನವರಿಗೆ ಇದು ಇಷ್ಟ ಆಗುತ್ತೆ. ಎನ್‌ಬಿಎನಲ್ಲಿ ಟೀಮಿಗೆ ಸ್ಯಾಲರಿ ಕ್ಯಾಪ್ ಇದೆ, ಆ ವರ್ಷ ಸುಮಾರು 10.9 ಕೋಟಿ ಡಾಲರ್. ಅದರ ಜೊತೆಗೆ ಒಬ್ಬ ಆಟಗಾರನಿಗೂ ಗರಿಷ್ಠ ಸಂಬಳ ಅಂತ ಇದೆ. ಕವಾಯ್‌ಗೆ ಮೊದಲ ವರ್ಷಕ್ಕೆ ಕ್ಯಾಪಿನ ಶೇಕಡಾ 30, ಅಂದ್ರೆ ಸುಮಾರು 3.27 ಕೋಟಿ ಡಾಲರ್. ಯಾವ ಟೀಮ್ ಕೊಟ್ರೂ ಅಷ್ಟೇ. ಹಳೇ ಟೀಮು ಮಾತ್ರ ಒಂದು ವರ್ಷ ಜಾಸ್ತಿ ಕೊಡಬಹುದು: ಟೊರಾಂಟೊ ಐದು ವರ್ಷಕ್ಕೆ ಸುಮಾರು 19 ಕೋಟಿ ಡಾಲರ್ ಕೊಡಬಹುದಿತ್ತು, ಬೇರೆಯವರು ನಾಲ್ಕು ವರ್ಷಕ್ಕೆ 14 ಕೋಟಿ ಚಿಲ್ಲರೆ.

ಬೆಲೆಗೆ ಮಿತಿ ಹಾಕಿದ್ರೆ ಪೈಪೋಟಿ ನಿಲ್ಲಲ್ಲ, ಬೇರೆ ಬಾಗಿಲಿಂದ ಒಳಗೆ ಬರುತ್ತೆ. ಎಲ್ಲರ ದುಡ್ಡೂ ಹೆಚ್ಚುಕಮ್ಮಿ ಒಂದೇ ಆದಾಗ ಆಟಗಾರ ಕೇಳೋದು ಒಂದೇ: ನನ್ನ ಪಕ್ಕ ಆಡೋರು ಯಾರು?

ಲೇಕರ್ಸ್ ಹತ್ರ ಉತ್ತರ ರೆಡಿ ಇತ್ತು. ಲೆಬ್ರಾನ್ ಜೇಮ್ಸ್ ಇದ್ದ. ಆಂಥನಿ ಡೇವಿಸ್‌ನ ಟ್ರೇಡ್ ಜೂನ್‌ನಲ್ಲೇ ಒಪ್ಪಂದ ಆಗಿತ್ತು. ಕವಾಯ್‌ಗೆ ಪೂರ್ತಿ ಸಂಬಳ ಕೊಡೋಕೆ ಜಾಗ ಬೇಕು ಅಂತ ಇನ್ನೂ ಮೂವರು ಹುಡುಗರನ್ನ ಬೇರೆ ಟೀಮಿಗೆ ಸಾಗಹಾಕಿದ್ರು, ಡೇವಿಸ್ ತನಗೆ ಬರಬೇಕಿದ್ದ 40 ಲಕ್ಷ ಡಾಲರ್ ಬೋನಸ್ ಬಿಟ್ಟುಕೊಟ್ಟ. ಆಮೇಲೆ ಕಾಯ್ತಾ ಕೂತ್ರು. ಜೂನ್ 30ರ ಸಂಜೆ ಮಾರ್ಕೆಟ್ ತೆರೀತು. ಅದೇ ರಾತ್ರಿ ಕೆವಿನ್ ಡುರಾಂಟ್, ಕೈರಿ ಅರ್ವಿಂಗ್ ಬ್ರೂಕ್ಲಿನ್ ಅಂದ್ರು. ಒಬ್ಬೊಬ್ಬರಾಗಿ ಒಳ್ಳೆ ಆಟಗಾರರೆಲ್ಲ ಖಾಲಿ. ಲೇಕರ್ಸ್ ಮಾತ್ರ 3.2 ಕೋಟಿ ಡಾಲರ್ ಕೈಯಲ್ಲಿ ಹಿಡ್ಕೊಂಡು ಐದಾರು ದಿನ ಸುಮ್ಮನೆ ಕೂತಿತ್ತು. ‘ಅವಕಾಶ ವೆಚ್ಚ’ ಅಂತ ಎಕನಾಮಿಕ್ಸ್‌ನಲ್ಲಿ ಬಾಯಿಪಾಠ ಮಾಡ್ತೀವಲ್ಲ, ಅದು ದಿನಕ್ಕೆಷ್ಟು ಅಂತ ನೋಡಬೇಕಾದ್ರೆ ಆ ವಾರ ನೋಡಿ.

ಕ್ಲಿಪ್ಪರ್ಸ್ ಕಥೆ ಬೇರೆ. ಅದೇ ಊರು, ಅದೇ ಸ್ಟೇಡಿಯಂ, ಆದ್ರೆ ಮನೆಯ ಎರಡನೇ ಮಗನ ಥರ. ಚಾಂಪಿಯನ್‌ಶಿಪ್ ಬಿಡಿ, ಕಾನ್ಫರೆನ್ಸ್ ಫೈನಲ್ ಕೂಡ ಅಲ್ಲೀವರೆಗೆ ಕಂಡಿರಲಿಲ್ಲ. ದುಡ್ಡಿಗೆ ಕೊರತೆ ಇಲ್ಲ, ಮಾಲೀಕ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್. ಇಲ್ಲದ್ದು ಎರಡನೇ ಸ್ಟಾರ್. ಕವಾಯ್‌ಗೆ ಬೇಕಾಗಿದ್ದೂ ಅದೇ, ಅವನ ಕಣ್ಣು ಪಾಲ್ ಜಾರ್ಜ್ ಮೇಲಿತ್ತು. ಆದ್ರೆ ಪಾಲ್ ಜಾರ್ಜ್ ಫ್ರೀ ಏಜೆಂಟ್ ಅಲ್ಲ. ಒಕ್ಲಹೋಮಾ ಸಿಟಿ ಥಂಡರ್ ಜೊತೆ ಹಿಂದಿನ ಬೇಸಿಗೆಯಲ್ಲಷ್ಟೇ ನಾಲ್ಕು ವರ್ಷಕ್ಕೆ ಸಹಿ ಹಾಕಿದ್ದ, ಎಂವಿಪಿ ವೋಟಿಂಗ್‌ನಲ್ಲಿ ಮೂರನೇ ಸ್ಥಾನ ಬೇರೆ. ಅವನೂ ಹೋಗಿ ‘ನನ್ನನ್ನ ಕಳಿಸಿಕೊಡಿ’ ಅಂದ.

ಈಗ ಥಂಡರ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಜಾಗದಲ್ಲಿ ನೀವು ಕೂತ್ಕೊಳ್ಳಿ. ಸ್ಟಾರ್ ಹೋಗ್ತೀನಿ ಅಂತಿದ್ದಾನೆ, ಮೇಲ್ನೋಟಕ್ಕೆ ನಷ್ಟ ನಿಮ್ಮದೇ. ಆದ್ರೆ ಕೊಳ್ಳೋಕೆ ಬಂದೋನ ಪರಿಸ್ಥಿತಿ ಏನು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಅಮ್ಮನ ಜೊತೆ ಹೋಗಿದ್ದೀರಾ? ನಿನ್ನೆ ಮಾರು ಲೆಕ್ಕದಲ್ಲಿ ಸಿಗ್ತಿದ್ದ ಕನಕಾಂಬರಕ್ಕೆ ಇವತ್ತು ಮೊಳದ ರೇಟು. ಹೂವಾಡಗಿತ್ತಿ ಅಮ್ಮನ ಮುಖ ನೋಡ್ತಾಳೆ, ಕೈಯಲ್ಲಿರೋ ಕಳಶದ ಚೀಲ ನೋಡ್ತಾಳೆ, ಒಂದು ರೂಪಾಯಿನೂ ಇಳಿಸಲ್ಲ. ಇವಳು ಹೂವಿಲ್ಲದೆ ಮನೆಗೆ ಹೋಗಲ್ಲ ಅಂತ ಅವಳಿಗೆ ಗೊತ್ತು.

ಪ್ರೆಸ್ಟಿಗೂ ಗೊತ್ತಿತ್ತು. ಜಾರ್ಜ್ ಸಿಗದಿದ್ರೆ ಕ್ಲಿಪ್ಪರ್ಸ್‌ಗೆ ಕವಾಯ್‌ನೂ ಕೈತಪ್ಪಬಹುದು. ತಪ್ಪಿದ್ರೆ ಅವನು ಹೋಗೋದು ಪಕ್ಕದ ಮನೆ ಲೇಕರ್ಸ್‌ಗೇ ಇರಬಹುದು, ಆಮೇಲೆ ಲೆಬ್ರಾನ್, ಡೇವಿಸ್, ಕವಾಯ್ ಮೂವರನ್ನ ವರ್ಷಗಟ್ಟಲೆ ಎದುರಿಸಬೇಕು. ಹಾಗಾಗಿ ಪ್ರೆಸ್ಟಿ ಮಾರಿದ್ದು ಒಬ್ಬ ಆಟಗಾರನನ್ನ, ರೇಟು ಹಾಕಿದ್ದು ಇಬ್ಬರಿಗೆ, ಜೊತೆಗೆ ಲೇಕರ್ಸ್ ಭಯಕ್ಕೂ ಸೇರಿಸಿ.

ಬಿಲ್ ಹೀಗಿತ್ತು: ಐದು ಫಸ್ಟ್ ರೌಂಡ್ ಡ್ರಾಫ್ಟ್ ಪಿಕ್, ಎರಡು ವರ್ಷ ಪಿಕ್ ಅದಲುಬದಲು ಮಾಡ್ಕೊಳ್ಳೋ ಹಕ್ಕು, ಡ್ಯಾನಿಲೊ ಗಲಿನಾರಿ, ಮತ್ತೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಅನ್ನೋ ಹುಡುಗ. ಅವನಿಗಾಗ 20 ವರ್ಷ, ನಮ್ಮ ವಯಸ್ಸು. ಒಂದೇ ಸೀಸನ್ ಆಡಿದ್ದ, 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ.

ಜುಲೈ 5ರ ರಾತ್ರಿ ಸುದ್ದಿ ಹೊರಬಿತ್ತು. (ಅದೇ ಸಂಜೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಿಜವಾದ ಭೂಕಂಪವೂ ಆಗಿತ್ತು, 7.1 ತೀವ್ರತೆ. ಸಿನಿಮಾದಲ್ಲಿ ಹೀಗೆ ತೋರಿಸಿದ್ರೆ ‘ಓವರ್ ಆಯ್ತು ಗುರು’ ಅಂತಿದ್ವಿ.) ಹೆಡ್‌ಲೈನ್ ಎಲ್ಲಾ ಕಡೆ ಒಂದೇ: ಕ್ಲಿಪ್ಪರ್ಸ್ ಗೆದ್ದರು.

ಈಗ ಒಬ್ಬೊಬ್ಬರ ಮನೆಗೆ ಹೋಗಿ ನೋಡೋಣ.

ಟೊರಾಂಟೊ ಕವಾಯ್ ಬದಲಿಗೆ ಏನೂ ಸಿಗದೇ ಅವನನ್ನ ಕಳಕೊಂಡಿತು. ಮುಂದಿನ ಸೀಸನ್ 53 ಗೆಲುವು, 19 ಸೋಲು, ಈಸ್ಟ್‌ನಲ್ಲಿ ಎರಡನೇ ಸ್ಥಾನ, ಕೋಚ್‌ಗೆ ವರ್ಷದ ಕೋಚ್ ಪ್ರಶಸ್ತಿ. ಕಪ್ ಉಳೀಲಿಲ್ಲ, ಮಾನ ಉಳೀತು.

ಲೇಕರ್ಸ್ ಬೇಡ ಅನ್ನಿಸಿಕೊಂಡ ಗಂಟೆಗಳಲ್ಲೇ ಆ ದುಡ್ಡನ್ನ ಚಿಲ್ಲರೆ ಮಾಡಿ ಹಂಚೋಕೆ ಶುರು ಮಾಡಿತು. ಕವಾಯ್ ಜೊತೆ ಟೊರಾಂಟೊದಲ್ಲಿ ಆಡಿದ ಡ್ಯಾನಿ ಗ್ರೀನ್ ಬಂದ, ಮತ್ತೆ ಏಳೆಂಟು ಜನ, ಯಾರ ಹೆಸರೂ ಪೋಸ್ಟರ್‌ಗೆ ಆಗೋದಲ್ಲ. 2020ರ ಅಕ್ಟೋಬರ್ 11ರಂದು ಕಪ್ ಎತ್ತಿದ್ದು ಅವರೇ. ಮೂರು ಸ್ಟಾರ್ ಇಟ್ಕೊಂಡು ಬೆಂಚ್ ಖಾಲಿ ಇದ್ದಿದ್ರೆ ಆಗ್ತಿತ್ತಾ? ನನಗೇನೋ ಅನುಮಾನ.

ಹೂಂ ಅನ್ನಿಸಿಕೊಂಡ ಕ್ಲಿಪ್ಪರ್ಸ್ ಅದೇ ವರ್ಷ ಡೆನ್ವರ್ ವಿರುದ್ಧ 3-1 ಮುಂದಿದ್ದು ಸೀರೀಸ್ ಸೋತಿತು. 2021ರಲ್ಲಿ ಕವಾಯ್ ಮೊಣಕಾಲು ಹೋಯ್ತು. ಅವನಿಲ್ಲದೇನೇ ಮೊದಲ ಸಲ ಕಾನ್ಫರೆನ್ಸ್ ಫೈನಲ್ ತನಕ ಹೋಗಿ ಅಲ್ಲಿ ನಿಂತರು. ಮುಂದಿನ ಸೀಸನ್ ಪೂರ್ತಿ ಕವಾಯ್ ಕೋರ್ಟಿಗೇ ಇಳೀಲಿಲ್ಲ. 2024ರಲ್ಲಿ ಪಾಲ್ ಜಾರ್ಜ್ ಫ್ರೀ ಏಜೆಂಟ್ ಆಗಿ ಫಿಲಡೆಲ್ಫಿಯಾಗೆ ನಡೆದ. ಅಷ್ಟೆಲ್ಲಾ ಕೊಟ್ಟು ತಂದವನು ಹೋಗುವಾಗ ಬದಲಿಗೆ ಒಂದು ಪಿಕ್ ಕೂಡ ಬರಲಿಲ್ಲ.

ಥಂಡರ್? ಮೊದಲು ಚೆನ್ನಾಗೇ ನೆಲ ಕಚ್ಚಿತು: ಒಂದು ಸೀಸನ್ 22 ಗೆಲುವು, ಅದರ ಮುಂದಿನದು 24. ಕ್ಲಿಪ್ಪರ್ಸ್ ಕೊಟ್ಟ 2022ರ ಪಿಕ್‌ನಲ್ಲಿ, 12ನೇ ನಂಬರಿಗೆ ಜೇಲೆನ್ ವಿಲಿಯಮ್ಸ್ ಸಿಕ್ಕಿದ. ಆ 20ರ ಹುಡುಗ ಶೇ 2025ರಲ್ಲಿ ಎಂವಿಪಿ. ಜೂನ್ 22ರಂದು ಇಂಡಿಯಾನಾ ವಿರುದ್ಧ ಏಳನೇ ಪಂದ್ಯ ಗೆದ್ದು ಥಂಡರ್ ಚಾಂಪಿಯನ್ ಆಯ್ತು, ಫೈನಲ್ಸ್ ಎಂವಿಪಿಯೂ ಅವನೇ. ಅದು ನಮಗೆ ಸೋಮವಾರ ಬೆಳಗಿನ ಜಾವ. ಫೋನ್ ನೀರಿನ ಲೋಟಕ್ಕೆ ಒರಗಿಸಿಟ್ಟು ನೋಡಿ, ಫಸ್ಟ್ ಅವರ್ ಕಾಸ್ಟ್ ಅಕೌಂಟಿಂಗ್‌ಗೆ ಕಣ್ಣು ಕೆಂಪಗೆ ಮಾಡ್ಕೊಂಡು ಬಂದಿದ್ದೆ, ನಿಮಗೆ ನೆನಪಿರಬಹುದು.

ಆದ್ರೆ ಕ್ಲಿಪ್ಪರ್ಸ್ ಮಾಡಿದ್ದು ದಡ್ಡತನ ಅನ್ನೋರ ಜೊತೆ ನಾನಿಲ್ಲ. ಆ ರಾತ್ರಿ ಅವರ ಜಾಗದಲ್ಲಿ ನಾನಿದ್ರೂ ಸಹಿ ಹಾಕ್ತಿದ್ದೆ. ಫೈನಲ್ಸ್ ಎಂವಿಪಿ ಬಾಗಿಲಿಗೆ ಬಂದು ನಿಂತಾಗ, ಒಂದು ವರ್ಷ ಆಡಿದ ಹುಡುಗ ಮುಂದೆ ಏನಾಗ್ತಾನೆ ಅಂತ ಯಾರಿಗೆ ಗೊತ್ತು? ಮೊಣಕಾಲಿಗೆ ಏನಾಗುತ್ತೆ ಅಂತ ಯಾವ ಬ್ಯಾಲೆನ್ಸ್ ಶೀಟಲ್ಲೂ ಬರೆದಿರಲ್ಲ. ನನ್ನ ಮಾತು ಅವರ ಬಗ್ಗೆ ಅಲ್ಲವೇ ಅಲ್ಲ, ಉಳಿದವರ ಬಗ್ಗೆ. ಕವಾಯ್ ಎಲ್ಲಿಗೆ ಹೋದ ಅನ್ನೋದಕ್ಕಿಂತ, ಅವನು ಯೋಚನೆ ಮಾಡ್ತಿದ್ದ ಆ ವಾರದಲ್ಲಿ ಮತ್ತೆ ಮರುದಿನ ಬೆಳಿಗ್ಗೆ ಯಾರು ಏನು ಮಾಡಿದ್ರು ಅನ್ನೋದು ಜಾಸ್ತಿ ಕೆಲಸ ಮಾಡಿತು.

ಇದನ್ನ ಈಗ ಯಾಕೆ ಬರೀತಿದ್ದೀನಿ ಅಂತ ನಮ್ಮ ಕ್ಲಾಸಿನವರಿಗೆ ಅರ್ಥ ಆಗಿರುತ್ತೆ. ಬೇರೆಯವರಿಗೆ ಎರಡು ಮಾತಲ್ಲಿ ಹೇಳ್ತೀನಿ. ನಮ್ಮ ಟೀಮಿನ ಸೆಂಟರ್‌ಗೆ ಬೆಂಗಳೂರಿನ ಒಂದು ಕಾಲೇಜಿಂದ ಕರೆ ಬಂದಿದೆ. ಫೀಸಿಲ್ಲ, ಹಾಸ್ಟೆಲ್ ಫ್ರೀ, ಮೂರು ಹೊತ್ತು ಊಟ. ಅವನಿನ್ನೂ ಉತ್ತರ ಹೇಳಿಲ್ಲ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಆಗಲೇ ‘ದ್ರೋಹಿ’ ಅಂತ ಸ್ಟಿಕ್ಕರ್ ಓಡಾಡ್ತಿದೆ. ಅದನ್ನ ಕಳಿಸಿದವರಲ್ಲಿ ಒಬ್ಬರಾದ್ರೂ ಅವನ ಮನೆಗೆ ಹೋಗಿದ್ದೀರಾ? ನಾನು ಹೋಗಿದ್ದೀನಿ. ಅಲ್ಲಿ ನೋಡಿದ್ದನ್ನ ಇಲ್ಲಿ ಬರೆಯಲ್ಲ. ಅವನು ಹೋಗ್ಲಿ ಅಂತ ನನ್ನ ಬಾಯಿಗೆ ಬರ್ತಿಲ್ಲ ನಿಜ, ಯಾಕಂದ್ರೆ ಅವನಿಲ್ಲದೆ ರೀಬೌಂಡ್ ಹಿಡಿಯೋರು ಯಾರು ಅಂತ ನನಗೂ ಗೊತ್ತಿಲ್ಲ. ಆದ್ರೆ ಮೂರು ವರ್ಷದ ಫೀಸು ನಾವ್ಯಾರೂ ಕಟ್ಟಲ್ಲ. ಆಯ್ಕೆ ಅವನದು.

ನನಗೆ ಸಿಟ್ಟು ಬರ್ತಿರೋದು ಬೇರೆ ವಿಷಯಕ್ಕೆ. ಹತ್ತು ದಿನದಿಂದ ಕೋರ್ಟಲ್ಲಿ ಯಾರೂ ಇಲ್ಲ. ಅವನು ಏನಂತಾನೋ ನೋಡಿ ಪ್ರಾಕ್ಟೀಸ್ ಶುರು ಮಾಡೋಣ ಅಂತ ಎಲ್ಲರೂ ಲೇಕರ್ಸ್ ಥರ ಕಾಯ್ತಿದ್ದೀರಿ, ನಮ್ಮ ಹತ್ರ ಲೆಬ್ರಾನ್ ಇಲ್ಲ ಅನ್ನೋದು ಮರೆತು. ಬರ್ತಿರೋದು ಒಬ್ಬನೇ, ಆ ಫಸ್ಟ್ ಇಯರ್ ಬಿಬಿಎ ಹುಡುಗ. ಮ್ಯಾಚಲ್ಲಿ ನಾವು ಪಾಸ್ ಕೊಡಲ್ವಲ್ಲ, ಅವನೇ. ಬೆಳಿಗ್ಗೆ ಒಬ್ಬನೇ ಬಂದು ಮೂಲೆಯಿಂದ ಶಾಟ್ ಹೊಡೀತಿರ್ತಾನೆ, ಬಾಲು ಚರಂಡಿ ಕಡೆ ಉರುಳಿದ್ರೆ ತಾನೇ ಓಡಿ ತರ್ತಾನೆ. ನಿನ್ನೆ ಎಣಿಸಿದೆ, ಇಪ್ಪತ್ತಕ್ಕೆ ಹದಿಮೂರು ಒಳಗೆ.

ಸೆಂಟರ್ ಶುಕ್ರವಾರ ಹೇಳ್ತೀನಿ ಅಂದಿದ್ದಾನೆ. ಇಂಟರ್ ಕಾಲೇಜ್ ಟೂರ್ನಮೆಂಟ್‌ಗೆ ಇನ್ನು 19 ದಿನ. ನಾಳೆ ಗುರುವಾರ, ಬೆಳಿಗ್ಗೆ ಆರಕ್ಕೆ ಕೋರ್ಟ್ ಹತ್ರ ಬನ್ನಿ. ಪಂಪ್ ನಾನು ತರ್ತೀನಿ, ಎರಡನೇ ಬಾಲಿಗೆ ಗಾಳಿ ಇಲ್ಲ.