ಹಾಳೆಯ ಹಿಂಬದಿ

ಬಿ.ಎಡ್. ತರಬೇತಿಯಲ್ಲಿ ಯಾರೂ ಹೇಳಿಕೊಡದ, ತರಗತಿಯಲ್ಲಿಯೇ ದಕ್ಕುವ ಕೆಲವು ವಿದ್ಯೆಗಳು ಮೇಷ್ಟ್ರುಗಳಿಗೆ ಇರುತ್ತವೆ. ನನಗೆ ದಕ್ಕಿದ್ದು ಹಾಳೆಯ ಹಿಂಬದಿಯನ್ನು ಓದುವ ವಿದ್ಯೆ. ನೋಟ್‌ಪುಸ್ತಕ ತಿದ್ದುವಾಗ ಹಾಳೆಯನ್ನು ಮಗುಚಿ ಹೆಬ್ಬೆರಳಾಡಿಸಿದರೆ ಬರೆದವನ ಕೈ ಗೊತ್ತಾಗುತ್ತಿತ್ತು. ಸ್ವಂತವಾಗಿ ಬರೆದವನ ಒತ್ತು ಒಂದೇ ಸಮನಾಗಿರುವುದಿಲ್ಲ. ಅನುಮಾನವಿದ್ದಲ್ಲಿ ಹಗುರ, ಖಚಿತವಾದಲ್ಲಿ ಭಾರ. ನಕಲು ಮಾಡಿದವನದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಈ ವಿದ್ಯೆಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಆ ಹೆಮ್ಮೆ ಕಳೆದ ತಿಂಗಳು ಹೇಗೆ ಇಳಿಯಿತು ಎಂಬುದನ್ನು ಹೇಳಲು ಇಂದಿನ ಬರಹ.

1998ರ ಸುಮಾರಿಗೆ ನಾನು ಎಂಟನೆಯ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗನಿದ್ದ, ಅವನ ಹೆಸರು ಇಲ್ಲಿ ಬೇಡ. ಅವನ ಕೈ ವಿಪರೀತ ಭಾರ. ಬರೆದ ಹಾಳೆಯ ಹಿಂಬದಿ ಕುರುಡರ ಲಿಪಿಯಂತೆ ಉಬ್ಬಿರುತ್ತಿತ್ತು, ಕೆಲವೊಮ್ಮೆ ಹರಿದೇ ಹೋಗಿರುತ್ತಿತ್ತು. ಚಿತ್ರಗಳಲ್ಲಿ ಮಾತ್ರ ಜೀವವಿತ್ತು. ಆದರೂ ಅಂದಗೇಡು ಎಂದು ಪ್ರತಿ ಚಿತ್ರಕ್ಕೂ ಅಂಕ ಕಳೆದೆ. ಒಮ್ಮೆ ಕಣ್ಣಿನ ರಚನೆಯ ಚಿತ್ರವನ್ನು ತರಗತಿಯ ಮುಂದೆ ಎತ್ತಿ ಹಿಡಿದು, "ಇದು ಕಣ್ಣೋ, ನೇಗಿಲು ಹೊಡೆದ ಹೊಲವೋ?" ಎಂದೆ. ಎಲ್ಲರೂ ನಕ್ಕರು. ಮರುದಿನ ಅವನು ಅದೇ ಚಿತ್ರವನ್ನು ಕೂದಲೆಳೆಯಷ್ಟು ತೆಳುವಾದ ಗೆರೆಗಳಲ್ಲಿ ಬರೆದು ತಂದ. ಜೀವವಿಲ್ಲದ ಚಿತ್ರ. ನಾನು 'ಚೆನ್ನಾಗಿದೆ' ಎಂದು ಸಹಿ ಹಾಕಿದೆ. ಅಲ್ಲಿಂದ ಮುಂದೆ ನನ್ನ ವಿಷಯದಲ್ಲಿ ಅವನು ಕೇಳಿದಷ್ಟೇ ಬರೆದ, ಒಂದು ಗೆರೆ ಹೆಚ್ಚಿಗೆ ಬರೆಯಲಿಲ್ಲ.

ಅವನೇ ಕಳೆದ ತಿಂಗಳು ಪಿಲ್ಲಗುಂಪೆಯ ನಮ್ಮ ಮನೆ ಹುಡುಕಿಕೊಂಡು ಬಂದ. ಈಗ ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾನಂತೆ. ಕೈಗಾರಿಕಾ ಪ್ರದೇಶದ ಲಾರಿಗಳ ಸದ್ದಿನ ನಡುವೆ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದಕ್ಕೆ ಪೆನ್ನಿನಿಂದ ಬರೆಯುವ ಇನ್ನೊಂದು ಪರದೆಯನ್ನು ಜೋಡಿಸಿದ. ಅವನು ಬಳಸುವ ತಂತ್ರಾಂಶದ ಹೆಸರು ಕ್ರೀಟಾ. ಉಚಿತವಾಗಿ ಸಿಗುವ, ಮುಕ್ತ ತಂತ್ರಾಂಶ. ಸ್ವೀಡನ್ನಿನ ಭಾಷೆಯಲ್ಲಿ ಆ ಪದಕ್ಕೆ ಸೀಮೆಸುಣ್ಣ, ಬಣ್ಣದ ಬಳಪ ಎಂಬ ಅರ್ಥವಿದೆಯೆಂದು ಕೇಳಿ ನನಗೆ ಖುಷಿಯಾಯಿತು.

"ಬೆರಳಲ್ಲಿ ಬರೆದರೆ ಸಾಲದೇನಪ್ಪ, ಪೆನ್ನು ಯಾಕೆ?" ಎಂದು ಕೇಳಿದೆ. ವಿವರಿಸಿದ. ಈಗ ಶಿಷ್ಯನ ಸ್ಥಾನ ನನ್ನದು.

ನಮ್ಮ ಮೊಬೈಲಿನ ಗಾಜು, ಬೆರಳು ಎಲ್ಲಿ ತಾಗಿತು ಎಂಬುದನ್ನು ಚೆನ್ನಾಗಿ ಬಲ್ಲದು. ಎಷ್ಟು ಒತ್ತಿತು ಎಂಬುದನ್ನು ಸಾಮಾನ್ಯವಾಗಿ ಅರಿಯದು. ಪೆನ್ನಿನ ಕಥೆ ಬೇರೆ. ಅದರ ಮೊನೆಯ ಹಿಂದೆ ಒತ್ತಡ ಅಳೆಯುವ ಏರ್ಪಾಡಿದೆ. ಜಪಾನಿನ ವಾಕಾಮ್ ಸಂಸ್ಥೆಯ 2004ರ ಫಲಕವೊಂದು ಒತ್ತಡದ 1024 ಹಂತಗಳನ್ನು ಗುರುತಿಸುತ್ತಿತ್ತು; 2017ರದು 8192. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ರೂಪಿಸಿದ ಸಿಂಪ್ಯೂಟರ್ ನಿಮಗೆ ನೆನಪಿರಬಹುದು. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಅದರ ಪರದೆಯ ಮೇಲೂ ಕಡ್ಡಿಯಿಂದ ಬರೆಯಬಹುದಿತ್ತು.

ಹಾಗಾದರೆ ಬೆರಳಿನ ಒತ್ತಡವನ್ನು ಅಳೆಯಲು ಆಗುವುದಿಲ್ಲವೇ? ಆಗುತ್ತದೆ, ಅದೂ ಹಳೆಯ ಮಾತು. 1982ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹ್ತಾ ಎಂಬ ವಿದ್ಯಾರ್ಥಿ ಮಬ್ಬುಗಾಜಿನ ಹಿಂದೆ ಕ್ಯಾಮೆರಾ ಇಟ್ಟು, ಹಲವು ಬೆರಳುಗಳನ್ನು ಒಟ್ಟಿಗೆ ಗುರುತಿಸುವ ಯಂತ್ರವನ್ನು ರೂಪಿಸಿದ. ಬೆರಳಿಟ್ಟಲ್ಲಿ ಕಪ್ಪು ಚುಕ್ಕೆ ಕಾಣುತ್ತಿತ್ತು. ಗಟ್ಟಿಯಾಗಿ ಒತ್ತಿದಷ್ಟೂ ಚುಕ್ಕೆ ದೊಡ್ಡದಾಗುತ್ತಿತ್ತು. ಹೆಬ್ಬೆಟ್ಟು ಒತ್ತಿಸಿಕೊಂಡ ಯಾವ ಶಾನುಭೋಗನಿಗೂ ತಿಳಿದಿದ್ದ ಸಂಗತಿಯೇ ಇದು! ಮುಂದೆ 2015ರಲ್ಲಿ ಆಪಲ್ ಸಂಸ್ಥೆ ಬೆರಳಿನ ಒತ್ತಡ ಅರಿಯುವ ಪರದೆಯನ್ನು ಐಫೋನಿಗೆ ಅಳವಡಿಸಿತು; 2019ರ ಹೊಸ ಮಾದರಿಗಳಲ್ಲಿ ಕೈಬಿಟ್ಟಿತು.

ಕಷ್ಟ ಗಾಜಿನದಷ್ಟೇ ಅಲ್ಲ, ತಂತ್ರಾಂಶದ್ದೂ ಹೌದು. ಚಿತ್ರ ಬರೆಯುವ ತಂತ್ರಾಂಶಗಳು ಬಹುಕಾಲ ಮೌಸ್ ಒಂದನ್ನೇ ನಂಬಿ ಬೆಳೆದವು. ಅಂದರೆ ಒಬ್ಬನೇ ವಿದ್ಯಾರ್ಥಿಯಿರುವ ಶಾಲೆ. ವಿಂಡೋಸ್‌ನಲ್ಲಿ 2009ರ ಏಳನೆಯ ಆವೃತ್ತಿ, ಲಿನಕ್ಸ್‌ನಲ್ಲಿ 2012ರ ಎಕ್ಸ್ ಸರ್ವರ್ ಬಹುಸ್ಪರ್ಶಕ್ಕೆ ಬಾಗಿಲು ತೆರೆದ ಮೇಲೆ, ಒಮ್ಮೆಗೇ ಹತ್ತು ಬೆರಳುಗಳು ಒಳಗೆ ಬಂದವು. ಆಗ ಪ್ರತಿ ಬೆರಳಿಗೂ ಹಾಜರಿ ಸಂಖ್ಯೆ ಕೊಡಬೇಕು. ಮೂರನೆಯ ಬೆರಳಿನ ಗೆರೆ ಐದನೆಯದಕ್ಕೆ ಸೇರಿಹೋಗದಂತೆ ನೋಡಿಕೊಳ್ಳಬೇಕು. ಎರಡು ಬೆರಳು ದೂರ ಸರಿದರೆ ಚಿತ್ರ ಹಿಗ್ಗಬೇಕೋ, ಎರಡು ಗೆರೆ ಮೂಡಬೇಕೋ ಎಂದು ತೀರ್ಮಾನಿಸಬೇಕು. ಪೆನ್ನು ಹಿಡಿದವನ ಅಂಗೈ ಗಾಜಿನ ಮೇಲೆ ಊರಿದರೆ ಅದು ಗೆರೆಯಲ್ಲವೆಂದು ತಿಳಿಯಬೇಕು. ಇದಕ್ಕೊಂದು ಉಪಾಯವಿದೆ: ಪೆನ್ನು ಪರದೆಯ ಸಮೀಪ ಬಂದೊಡನೆ ಯಂತ್ರಕ್ಕೆ ಸುಳಿವು ಸಿಗುತ್ತದೆ, ಆಗ ಅದು ಉಳಿದ ಸ್ಪರ್ಶಗಳನ್ನು ಕಡೆಗಣಿಸುತ್ತದೆ. ನಮ್ಮ ಹುಡುಗ ಬೆರಳುಗಳಿಂದ ಬರೆಯುವುದನ್ನೇ ನಿಲ್ಲಿಸಿಟ್ಟಿದ್ದ. ಎಡಗೈಯ ಎರಡು ಬೆರಳು ಹಾಳೆಯನ್ನು ತಿರುಗಿಸಲು, ಹಿಗ್ಗಿಸಲು. ಬಲಗೈಯ ಪೆನ್ನು ಬರೆಯಲು.

ಅವನು ಹೇಳಿದ ಇನ್ನೊಂದು ನಿಯಮ ನನ್ನನ್ನು ನಗಿಸಿತು. ಅಂತರಜಾಲದ ಪುಟಗಳಿಗಾಗಿ 2015ರಲ್ಲಿ ಒಪ್ಪಿದ ಮಾನದಂಡದ ಪ್ರಕಾರ ಒತ್ತಡವನ್ನು ಸೊನ್ನೆಯಿಂದ ಒಂದರವರೆಗೆ ಹೇಳಬೇಕು. ಒತ್ತಡ ಅಳೆಯಲು ಬಾರದ ಸಾಧನವಾದರೆ, ತಾಗಿದಾಗಲೆಲ್ಲ 0.5 ಎಂದು ಹೇಳಬೇಕು. ಉತ್ತರಪತ್ರಿಕೆ ಓದದೆಯೇ ಎಲ್ಲರಿಗೂ ನೂರಕ್ಕೆ ಐವತ್ತು ಕೊಡುವ ಮೇಷ್ಟ್ರ ಹಾಗೆ!

ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟ. ಬರೆದೆ, ಗೆರೆ ಮೂಡಲೇ ಇಲ್ಲ. ಎರಡು ವರ್ಷದಿಂದ ನನ್ನ ಕೈ ಸಣ್ಣಗೆ ನಡುಗುತ್ತದೆ, ಹಿಡಿತವೂ ಸಡಿಲ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ. ಪೆನ್ನು ಕೆಳಗಿಡಲು ಹೋದೆ. "ತಾಳಿ ಸಾರ್, ಇದು ನನ್ನ ಕೈಗೆ ಇಟ್ಟಿರೋದು" ಎಂದು ಒಂದು ನಕ್ಷೆಯನ್ನು ತೆರೆದ. ಅಡ್ಡ ಅಕ್ಷದಲ್ಲಿ ಕೈ ಕೊಡುವ ಒತ್ತಡ, ಲಂಬ ಅಕ್ಷದಲ್ಲಿ ಕುಂಚಕ್ಕೆ ತಲುಪುವ ಒತ್ತಡ. ನಡುವಿನ ರೇಖೆ ಕೆಳಕ್ಕೆ ಜೋತುಬಿದ್ದಿತ್ತು. ಅವನ ಕೈ ಇಂದಿಗೂ ಭಾರವೇ. ಆ ಭಾರ ಗೆರೆಯನ್ನು ಕೆಡಿಸದಂತೆ ರೇಖೆಯನ್ನು ಬಗ್ಗಿಸಿಟ್ಟಿದ್ದ. ಈಗ ಅದನ್ನು ಹಿಡಿದು ಮೇಲಕ್ಕೆ ಉಬ್ಬಿಸಿದ. ಮತ್ತೆ ಬರೆದೆ. ನನ್ನ ಸಹಿ, ಸ್ವಲ್ಪ ಅಂಕುಡೊಂಕಾದರೂ, ದಟ್ಟವಾಗಿ ಮೂಡಿತು.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಹಾಳೆಯ ಹಿಂಬದಿಯಲ್ಲಿ ಅವನ ಬಲವನ್ನು ಬೆರಳಿನಿಂದ ಮುಟ್ಟಿ ತಿಳಿದಿದ್ದೆ. ತಿಳಿದೂ ನಲವತ್ತು ಮಕ್ಕಳಿಗೆ ಒಂದೇ ನೇರ ರೇಖೆ ಎಳೆದಿದ್ದೆ. ಅಳೆಯಲು ಬಾರದ ಯಂತ್ರ 0.5 ಎಂದರೆ ಅದಕ್ಕೆ ಕ್ಷಮೆಯಿದೆ. ಅಳೆಯಲು ಬಲ್ಲವನಿಗೆ?

"ಆ ಕಣ್ಣಿನ ಚಿತ್ರ ನೆನಪಿದೆಯೇನಪ್ಪ?" ಎಂದು ಕೇಳಿಯೇಬಿಟ್ಟೆ. ಅವನು ಪರದೆಯ ತಂತಿ ಸುತ್ತುತ್ತ, "ಬಿಡಿ ಸಾರ್, ಹಳೇದು" ಎಂದ. ನೆನಪಿಲ್ಲ ಎಂದು ಹೇಳಲಿಲ್ಲ. ನಮ್ಮ ಮನೆಯವರು ತಂದ ಕಾಫಿ ಕುಡಿದು, ಕಾಲಿಗೆ ನಮಸ್ಕರಿಸಿ ಹೊರಟ. ಕ್ಷಮಿಸು ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವನು ಓದಿದರೆ ಓದಲಿ.

ಇನ್ನು ತಿದ್ದಲು ನನ್ನ ಬಳಿ ಪುಸ್ತಕಗಳಿಲ್ಲ. ಇಂದಿಗೂ ತಿದ್ದುತ್ತಿರುವ ಮೇಷ್ಟ್ರುಗಳು, ಟೀಚರಮ್ಮಂದಿರು ನಿಮ್ಮಲ್ಲಿ ಕೆಲವರಿದ್ದೀರಿ. ಕೆಂಪು ಶಾಯಿ ಹಚ್ಚುವ ಮೊದಲು ಹಾಳೆಯನ್ನೊಮ್ಮೆ ಮಗುಚಿ ನೋಡಿ. ಅಲ್ಲಿ ಉಬ್ಬಿರುವುದು ತಪ್ಪೇ ಆಗಿರಬೇಕೆಂದಿಲ್ಲ.