ಅಜ್ಜಿಯರು ಫುಗಡಿ ಆಡುವ ದಾರಿ

ಆಷಾಢ ಬಂತೆಂದರೆ ಪಂಢರಪುರದ ದಾರಿಗಳೆಲ್ಲ ನಡೆಯುವ ಜನರಿಂದ ತುಂಬುತ್ತವೆ. ಪುಣೆಯ ಹತ್ತಿರದ ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾದುಕೆಗಳು, ದೇಹೂವಿನಿಂದ ಸಂತ ತುಕಾರಾಮರ ಪಾದುಕೆಗಳು ಪಲ್ಲಕ್ಕಿಯಲ್ಲಿ ಹೊರಡುತ್ತವೆ. ಆಳಂದಿಯಿಂದ ಸುಮಾರು 250 ಕಿಲೋಮೀಟರ್, ಮೂರು ವಾರದ ನಡಿಗೆ. ನಮ್ಮ ವಿಜಯಪುರ, ಬೆಳಗಾವಿ ಕಡೆಯಿಂದಲೂ ದಿಂಡಿ ಕಟ್ಟಿಕೊಂಡು ನಡೆದು ಹೋಗುವವರು ಬಹಳ. ಈ ಯಾತ್ರೆಗೆ ವಾರಿ ಎಂದು ಹೆಸರು; ಹೋಗುವವರು ವಾರಕರಿಗಳು.

ಅಷ್ಟು ನಡೆಯಲು ನಮ್ಮ ಮಂಡಿಗಳು ಒಪ್ಪುವುದಿಲ್ಲ. ನಾನು, ನನ್ನಾಕೆ ಮತ್ತು ಹನ್ನೊಂದು ವರ್ಷದ ಮೊಮ್ಮಗ ವಿಜಯಪುರದಿಂದ ಮಂಗಳವೇಢೆಯ ಮೇಲೆ ಬಸ್ಸಿನಲ್ಲಿ ಹೋದೆವು. ಏಕಾದಶಿಗೆ ಮುಂಚೆ ಪಲ್ಲಕ್ಕಿಗಳು ತಂಗುವ ವಾಖರಿ, ಪಂಢರಪುರಕ್ಕೆ ಹತ್ತಿರವೇ ಇದೆ. ಅಲ್ಲಿ ರಸ್ತೆಯ ಬದಿಗೆ ನಿಂತೆವು.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ಮುಖ ನೋಡಿದ ಕೂಡಲೇ ಇವರು ಠೇವಣಿ ಇಡಲು ಬಂದವರೋ ಸಾಲ ಕೇಳಲು ಬಂದವರೋ ಎಂದು ಅಂದಾಜು ಕಟ್ಟುವುದು ರೂಢಿ. ಅಲ್ಲಿ ಆ ಲೆಕ್ಕ ನಡೆಯಲಿಲ್ಲ. ಎಲ್ಲರಿಗೂ ಬಿಳಿ ಟೊಪ್ಪಿಗೆ, ಕೊರಳಲ್ಲಿ ತುಳಸಿ ಮಾಲೆ, ಹಣೆಗೆ ಬುಕ್ಕಿಟ್ಟು, ಕೈಯಲ್ಲಿ ತಾಳ. ಹೆಂಗಸರ ತಲೆಯ ಮೇಲೆ ತುಳಸಿಕಟ್ಟೆ. ಮೃದಂಗ ಏರಿದಂತೆ ಬಿಳಿಮೀಸೆಯ ಅಜ್ಜಂದಿರು ಮಕ್ಕಳ ಹಾಗೆ ಕುಣಿಯುತ್ತಿದ್ದರು. ಇಬ್ಬಿಬ್ಬರು ಅಜ್ಜಿಯರು ಕೈ ಅಡ್ಡಡ್ಡ ಹಿಡಿದು ಗಿರಗಿರನೆ ಫುಗಡಿ ತಿರುಗುತ್ತಿದ್ದರು.

“ಅಜ್ಜಾ, ಇವರಿಗೆ ನಾಚಿಕಿ ಬರೂದಿಲ್ಲೇನು? ಮಂದಿ ನಗತಾರಲ್ಲ?” ಎಂದ ಮೊಮ್ಮಗ.

ಆ ಪ್ರಶ್ನೆಗೆ ಕಾರಣವಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ಜೋರಾಗಿ ಹಾಡಿದ್ದಕ್ಕೆ ಗೆಳೆಯರು ನಕ್ಕಿದ್ದರು. ಅಂದಿನಿಂದ ಅವನು ಬರೀ ತುಟಿ ಆಡಿಸುತ್ತಿದ್ದ. ಮನೆಯ ಸಂಜೆಯ ಭಜನೆಗೂ ಬಾಯಿ ಬಿಡುತ್ತಿರಲಿಲ್ಲ.

ನಾನು ಉತ್ತರ ಹುಡುಕುತ್ತಿರುವಾಗಲೇ ನನಗಿಂತ ಹಿರಿಯ ವಾರಕರಿಯೊಬ್ಬರು ಬಂದು, “ಮಾವುಲಿ” ಎನ್ನುತ್ತ ಹುಡುಗನ ಕಾಲು ಮುಟ್ಟಿಬಿಟ್ಟರು! ಅವನು ಗಾಬರಿಯಿಂದ ಹಿಂದೆ ಸರಿದ. ವಾರಿಯಲ್ಲಿ ಇದೇ ಪದ್ಧತಿ. ಎದುರಿಗಿದ್ದವರು ಚಿಕ್ಕವರಿರಲಿ, ದೊಡ್ಡವರಿರಲಿ, ‘ತಾಯಿ’ ಎಂದು ಕರೆದು ಪರಸ್ಪರ ಪಾದ ಮುಟ್ಟುತ್ತಾರೆ. ಮೊಮ್ಮಗನೂ ಬಗ್ಗಿ ಆ ಅಜ್ಜನ ಧೂಳು ತುಂಬಿದ ಪಾದ ಮುಟ್ಟಿದ.

ಅಷ್ಟರಲ್ಲಿ ಯಾರೋ ಗುರುತಿಲ್ಲದ ಹೆಂಗಸು ನನ್ನಾಕೆಯ ಮುಂದೆ ಎರಡೂ ಕೈ ಚಾಚಿದಳು. ಮದುವೆಯಾದ ಮೇಲೆ ಫುಗಡಿ ಬಿಟ್ಟವಳು ಇವಳು. “ನನ್ನ ಮಂಡಿ...” ಎನ್ನುತ್ತಲೇ ಸೆರಗು ಸಿಕ್ಕಿಸಿದಳು. ನಾಲ್ಕೇ ಸುತ್ತು, ಅದೂ ನಿಧಾನವಾಗಿ. ಮೊಮ್ಮಗ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೆದ. ಸುತ್ತಲಿನವರೂ ನಕ್ಕರು, ಆದರೆ ಆ ನಗೆಯಲ್ಲಿ ಅಪಹಾಸ್ಯವಿರಲಿಲ್ಲ.

“ನಾಚಿಕಿ ಬರಲಿಲ್ಲೇನು ಅಜ್ಜಿ?”

“ಬಿದ್ದೀನಂತ ಅಕಿ ಕೈ ಗಟ್ಟಿ ಹಿಡಕೊಂಡಿದ್ದೆ, ವಿಠ್ಠಲನ ನೆನಸಿದ್ದೆ. ಮಂದಿ ಕಡೆ ನೋಡಾಕ ಪುರಸೊತ್ತ ಎಲ್ಲಿತ್ತೋ?”

ನನ್ನ ಯಾವ ಉತ್ತರವೂ ಇದಕ್ಕಿಂತ ಚೆನ್ನಾಗಿರುತ್ತಿರಲಿಲ್ಲ. ನಮ್ಮ ಪುರಂದರದಾಸರೂ ಹೀಗೆಯೇ ಅಲ್ಲವೇ? ನವಕೋಟಿ ನಾರಾಯಣ ಎನಿಸಿಕೊಂಡ ಸಾಹುಕಾರರು ಅಂಗಡಿ ಬಿಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತ ಹೊರಟಾಗ ನಕ್ಕವರೂ ಇದ್ದಿರಬೇಕು. ನಕ್ಕವರ ಹೆಸರು ಯಾರಿಗೂ ಗೊತ್ತಿಲ್ಲ. ದಾಸರ ಹಾಡು ಉಳಿದಿದೆ.

ದೇವರಾದರೂ ದೊಡ್ಡಸ್ತಿಕೆ ನೋಡಿದನೇ? ತಂದೆತಾಯಿಯರ ಸೇವೆಯಲ್ಲಿದ್ದ ಪುಂಡಲೀಕ ಇಟ್ಟಿಗೆ ಎಸೆದು, “ಸ್ವಲ್ಪ ನಿಲ್ಲು” ಎಂದನಂತೆ. ವಿಠ್ಠಲ ಸೊಂಟದ ಮೇಲೆ ಕೈಯಿಟ್ಟು ಆ ಇಟ್ಟಿಗೆಯ ಮೇಲೆಯೇ ಇಂದಿಗೂ ನಿಂತಿದ್ದಾನೆ.

ಏಕಾದಶಿಯ ದಿನ ದರ್ಶನದ ಸಾಲು ಬಹಳ ಉದ್ದ. ನಮ್ಮಂಥ ಅನೇಕರು ಚಂದ್ರಭಾಗೆಯಲ್ಲಿ ಮಿಂದು, ದೂರದಿಂದ ಕಳಸಕ್ಕೆ ಕೈಮುಗಿದು ತೃಪ್ತರಾಗುತ್ತಾರೆ. ದೇವಸ್ಥಾನದ ಬಾಗಿಲಲ್ಲಿ ನಾಮದೇವರ ಮೆಟ್ಟಿಲು ಇದೆ. ಭಕ್ತರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು ಸಂತ ನಾಮದೇವರು ಅಲ್ಲಿ ಸಮಾಧಿಯಾದರೆಂದು ನಂಬಿಕೆ. ಹೋದವರು ಅದನ್ನು ನೋಡದೆ ಬರಬೇಡಿ.

ಮಕ್ಕಳೇ, ಹೋಗುವುದಾದರೆ ಅಜ್ಜ ಅಜ್ಜಿಯರ ಕೈ ಬಿಡದೆ ಹೋಗಿ, ಗದ್ದಲ ಬಹಳ. ಮಳೆ ಬರುತ್ತದೆ, ಛತ್ರಿ ಇರಲಿ. ಭಜನೆ ಕೇಳಿದಲ್ಲಿ ನಿಂತು, ಬಾಯಿ ಬಿಟ್ಟು ಹಾಡಿ. ಮರಳುವ ಬಸ್ಸಿನಲ್ಲಿ ನಮ್ಮವನು ಮಂಗಳವೇಢೆಯವರೆಗೂ ಹಾಡಿದ. ಶ್ರುತಿ ಸೇರಲಿಲ್ಲ. ಹಿಂದಿನ ಸೀಟಿನವರು ತಾಳ ಹಾಕಿದರು.