ರೋಮಿಗೆ ಹೊರಡುವ ಮುನ್ನ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬ ಗಾದೆಯನ್ನು ನ್ಯಾಮತಿಯಲ್ಲಿ ಚರಿತ್ರೆ ಬೋಧಿಸುತ್ತಿದ್ದ ಮೇಷ್ಟರೊಬ್ಬರು ತಮ್ಮ ವಿದ್ಯಾರ್ಥಿಗಳಿಗೆ ಮೇಲಿಂದ ಮೇಲೆ ಹೇಳುತ್ತಿದ್ದರು. ಅವರು ಕೋಶವನ್ನೇನೋ ಬೇಕಾದಷ್ಟು ಓದಿದ್ದರು. ದೇಶ ಸುತ್ತುವ ಯೋಗ ಮಾತ್ರ ಒದಗಿರಲಿಲ್ಲ. ರೋಮ್ ಸಾಮ್ರಾಜ್ಯದ ಏಳುಬೀಳುಗಳನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದವರಿಗೆ, ಆ ನಗರವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮಾತ್ರ ಅಳಿದಿರಲಿಲ್ಲ.

ನಿವೃತ್ತರಾಗಿ ಹೊನ್ನಾಳಿಯಲ್ಲಿ ನೆಲೆಸಿದ ಮೇಲೆ ಆ ಕಾಲ ಕೂಡಿಬಂದಿತು. ಜರ್ಮನಿಯಲ್ಲಿದ್ದ ಮಗಳು ತಂದೆತಾಯಿಗಳನ್ನು ಕರೆಸಿಕೊಂಡು, ಮೂರು ದಿನ ರೋಮಿಗೆ ಕರೆದೊಯ್ಯುವುದಾಗಿ ತಿಳಿಸಿದಳು. ಮೇಷ್ಟರು ಅಂದೇ ಪಟ್ಟಿ ಬರೆಯತೊಡಗಿದರು. ಕ್ರಿ.ಶ. 80ರಲ್ಲಿ ಉದ್ಘಾಟನೆಗೊಂಡ ಕೊಲೋಸಿಯಂ, ರೋಮನ್ ಫೋರಂ, ಸೇಂಟ್ ಪೀಟರ್ ಇಗರ್ಜಿಯ ಗುಮ್ಮಟ, ಹೀಗೆ ಪಟ್ಟಿಯು ಇಪ್ಪತ್ತಾರು ಸ್ಥಳಗಳಿಗೆ ಮುಟ್ಟಿತು. ಗುಮ್ಮಟದ ತುದಿಗೆ 551 ಮೆಟ್ಟಿಲುಗಳೆಂಬುದನ್ನು ಅವರು ಉತ್ಸಾಹದಿಂದ ಓದಿ ಹೇಳಿದರು.

ಪತ್ನಿ ಮೌನವಾಗಿ ಮೊಣಕಾಲನ್ನು ನೀವಿಕೊಂಡರು. "ನೀವು ಮಗಳೊಡನೆ ಹೋಗಿಬನ್ನಿ. ನಾನು ಬಂದರೆ ನಿಮಗೆ ತೊಡಕು. ಅಲ್ಲಿ ನಾನು ನೋಡುವಂಥದಾದರೂ ಏನಿದೆ?" ಎಂದರು.

ಒಬ್ಬರೇ ಹೋಗಲು ಮೇಷ್ಟರಿಗೆ ಮನಸ್ಸು ಬಾರದು. ಪತ್ನಿ ಎಷ್ಟು ನಡೆಯಬಲ್ಲರೆಂದು ತಿಳಿಯಲು, ಒಂದು ದಿನ ಚನ್ನಗಿರಿ ತಾಲ್ಲೂಕಿನಲ್ಲಿ ಸುತ್ತಿಬರೋಣವೆಂದು ಒಪ್ಪಿಸಿದರು. ಚನ್ನಗಿರಿಯ ಕೋಟೆಯನ್ನು ಅವಸರದಲ್ಲಿ ನೋಡಿದ್ದಾಯಿತು. ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಶಾಂತಿಸಾಗರವನ್ನೂ ಗಡಿಯಾರ ನೋಡುತ್ತಲೇ ನೋಡಿದರು. ಸಂತೇಬೆನ್ನೂರಿಗೆ ಬಂದಾಗ ಆಕೆ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತವರು ಏಳಲೇ ಇಲ್ಲ.

16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕನು ಕಟ್ಟಿಸಿದ ಕೊಳವದು. ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರಖಾನೆ, ಸುತ್ತಲೂ ನೀರಿಗಿಳಿಯುವ ಕಲ್ಲಿನ ಸೋಪಾನ. ಆಕೆಯ ತವರು ಜಗಳೂರಿನ ಕಡೆಯ ಬರದ ಸೀಮೆ. ಬೇಸಗೆಯಲ್ಲಿ ಕೊಡ ಹೊತ್ತು ಹೊಲಗಳನ್ನು ದಾಟಿ ಹೋಗುತ್ತಿದ್ದ ಬಾಲ್ಯ ಅವರಿಗೆ ನೆನಪಾಯಿತು. ಬಹಳ ಹೊತ್ತಿನ ಮೇಲೆ, "ನಿಮ್ಮ ರೋಮಿಗೆ ನೀರು ಎಲ್ಲಿಂದ ಬರುತ್ತಿತ್ತು?" ಎಂದು ಕೇಳಿದರು.

ಮೇಷ್ಟರು ತಬ್ಬಿಬ್ಬಾದರು. ಚಕ್ರವರ್ತಿಗಳ ಹೆಸರನ್ನು ಸಾಲಾಗಿ ಹೇಳಬಲ್ಲ ಅವರು, ಆ ಊರಿನ ಜನ ಯಾವ ನೀರು ಕುಡಿದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಂದಿನಿಂದ ಪುಸ್ತಕಗಳನ್ನು ಹೊಸ ಕಣ್ಣಿನಿಂದ ಓದತೊಡಗಿದರು. ಕ್ರಿ.ಪೂ. 19ರಲ್ಲಿ ಅಗ್ರಿಪ್ಪನೆಂಬವನು ಸುಮಾರು 20 ಕಿಲೋಮೀಟರು ಉದ್ದದ ಕಾಲುವೆಯೊಂದನ್ನು, ಬಹುಪಾಲು ನೆಲದಡಿಯಲ್ಲೇ, ರೋಮಿಗೆ ತಂದನು. ಮತ್ತೆ ಮತ್ತೆ ದುರಸ್ತಿಯಾದ ಆ ಕಾಲುವೆಯೇ 1762ರಲ್ಲಿ ಪೂರ್ಣಗೊಂಡ ಟ್ರೆವಿ ಕಾರಂಜಿಗೆ ಇಂದಿಗೂ ನೀರುಣಿಸುತ್ತಿದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಪ್ಯಾಂಥಿಯನ್ ಮಂದಿರ. ಅದರ ಗುಮ್ಮಟದ ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ಕಿಂಡಿಯಿದೆ. ಒಳಗೆ ಬಿದ್ದ ಮಳೆನೀರು ಇಳಿಜಾರಾದ ನೆಲದ ರಂಧ್ರಗಳಿಂದ ಹರಿದುಹೋಗುತ್ತದೆ. ಊರಹೊರಗೆ ಕ್ರಿ.ಶ. 52ರಲ್ಲಿ ಮುಗಿದ ಕ್ಲಾಡಿಯಸ್ ಕಾಲುವೆಯ ಕಮಾನುಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಬೀದಿಬೀದಿಗಳಲ್ಲಿ ಯಾರಾದರೂ ಕುಡಿಯಬಹುದಾದ ಸುಮಾರು 2500 ನಲ್ಲಿಗಳಿವೆ.

ಇಪ್ಪತ್ತಾರರ ಪಟ್ಟಿ ಐದಕ್ಕೆ ಇಳಿಯಿತು. ಮೊದಲ ದಿನ ಕೊಲೋಸಿಯಂ ಮತ್ತು ಫೋರಂ. ಮರುದಿನ ಕಾರಂಜಿ ಮತ್ತು ಪ್ಯಾಂಥಿಯನ್. ಕೊನೆಯ ದಿನ ಕಮಾನುಗಳ ಬಯಲು. ಗುಮ್ಮಟದ 551 ಮೆಟ್ಟಿಲುಗಳ ಮೇಲೆ ಮೇಷ್ಟರು ತಾವೇ ಗೀಟು ಎಳೆದರು. ಕೈ ಒಂದು ಕ್ಷಣ ತಡೆಯಿತು, ಅಷ್ಟೆ. ನೋಡುವ ಊರು ಎಷ್ಟೇ ದೊಡ್ಡದಿರಲಿ, ಕೇಳಬೇಕಾದ ಪ್ರಶ್ನೆಯನ್ನು ಮನೆಯಿಂದಲೇ ಒಯ್ಯಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು.

ವೀಸಾ ಅರ್ಜಿಗಳು ಎರಡು ಸಿದ್ಧವಾದುವು. ಪೆಟ್ಟಿಗೆ ತುಂಬುವಾಗ ಪತ್ನಿ ಬಟ್ಟೆಗಳ ನಡುವೆ ಒಂದು ಸ್ಟೀಲಿನ ಲೋಟವನ್ನು ಇಟ್ಟರು. ಅದೇಕೆಂದು ಮೇಷ್ಟರು ಕೇಳಿದರು.

"ಅಷ್ಟೊಂದು ನಲ್ಲಿಗಳಿವೆ ಎಂದಿರಲ್ಲಾ, ನೀರಿನ ರುಚಿ ನೋಡಬೇಡವೇ?" ಎಂದರು ಆಕೆ.